ನಾಲೆ ನೀರು ಎಲ್ಲಿಂದ ಬರುತ್ತದೆ? ನಮ್ಮೂರ ಶಾಲೆಯ ಸುದ್ದಿ, ಪ್ರವಾಸ, ಸ್ಕೂಲ್ ಡೇ

ಮೂರನೇ ಕ್ಲಾಸ್ ಅಮ್ಮ · ನವೆಂಬರ್ 1, ರಾತ್ರಿ 8:40

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯ. ಬೆಳಿಗ್ಗೆ ಬಾವುಟ ಹಾರಿಸಿ, ಮಕ್ಕಳಿಗೆ ಸಿಹಿ ಹಂಚಿದ ಮೇಲೆ ಹೆಡ್ ಮೇಡಂ ಪೋಷಕರನ್ನು ಅರ್ಧ ಗಂಟೆ ಕೂರಿಸಿಕೊಂಡರು. ಬಂದಿದ್ದವರು ಹನ್ನೊಂದು ಜನ. ಉಳಿದವರು ಗದ್ದೆಯಲ್ಲಿದ್ದರು ಅಂತ ಗೊತ್ತು, ಬೈಯುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಠದ ವಿಷಯ. ದಸರಾ ರಜೆ ಸಮೀಕ್ಷೆ ಕೆಲಸಕ್ಕಾಗಿ ಅಕ್ಟೋಬರ್ 18ರ ತನಕ ಎಳೆಯಿತು. ಅದರ ಬೆನ್ನಿಗೇ ದೀಪಾವಳಿ. ಮಕ್ಕಳು ಒಂದು ತಿಂಗಳು ಪುಸ್ತಕ ಮುಟ್ಟಿಲ್ಲ ಅಂದರೂ ತಪ್ಪಿಲ್ಲ. ಹೋದ ಪಾಠ ತುಂಬಿಸಲು ಸಂಜೆ ಸ್ವಲ್ಪ ಹೊತ್ತು ಜಾಸ್ತಿ ಕೂರಿಸುತ್ತಾರೆ. ಕರೆದುಕೊಂಡು ಹೋಗಲು ಬರುವವರು ನೋಡಿಕೊಂಡು ಬನ್ನಿ.

14ಕ್ಕೆ ಮಕ್ಕಳ ದಿನಾಚರಣೆ, ಶುಕ್ರವಾರ. ಪ್ರತಿಭಾ ಕಾರಂಜಿ ಸ್ಪರ್ಧೆಗೆ ಹೆಸರು ಕೊಡುವವರು ಈ ವಾರವೇ ಕೊಡಬೇಕು. ಡಿಸೆಂಬರ್‌ನಲ್ಲಿ ಪ್ರವಾಸ. ಸ್ಕೂಲ್ ಡೇ ಜನವರಿಗೋ ಫೆಬ್ರವರಿಗೋ ಇನ್ನೂ ತೀರ್ಮಾನ ಆಗಿಲ್ಲ.

ಪ್ರವಾಸದ ಮಾತು ಬಂದಾಗ ಹೆಡ್ ಮೇಡಂ ಒಂದು ವಿಷಯ ಹೇಳಿದರು. ಅದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಹೋದ ವಾರ ನಾಲ್ಕನೇ ಕ್ಲಾಸಿನಲ್ಲಿ ಅವರು ಕೇಳಿದರಂತೆ, ‘ನಮ್ಮ ನಾಲೆಗೆ ನೀರು ಎಲ್ಲಿಂದ ಬರುತ್ತದೆ?’ ಒಬ್ಬ ‘ಮೋಟರಿಂದ’ ಅಂದನಂತೆ. ಒಬ್ಬಳು ‘ಮಂಡ್ಯದಿಂದ’. ಜಾಸ್ತಿ ಮಕ್ಕಳು ಹೇಳಿದ್ದು, ‘ನೀರಗಂಟಿ ಬಿಡುತ್ತಾನೆ, ಬರುತ್ತದೆ.’ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟು, ಯಾರು ನೋಡಿದ್ದೀರಿ ಅಂದರೆ ಎದ್ದಿದ್ದು ಮೂರು ಕೈ. ಆ ಮೂವರೂ ನೋಡಿದ್ದು ರಾತ್ರಿ ಹೊತ್ತು, ಲೈಟು ಮತ್ತು ಕಾರಂಜಿ. ಕಟ್ಟೆ ಅಲ್ಲ.

ಪ್ರವಾಸ ಎಲ್ಲಿಗೆ ಅಂತ ನಿಮ್ಮ ಅಭಿಪ್ರಾಯ ಹೇಳಿ. ಬುಧವಾರ ನಾನು ಮೇಡಂಗೆ ತಿಳಿಸಬೇಕು.

ಐದನೇ ಕ್ಲಾಸ್ ಅಪ್ಪ · ರಾತ್ರಿ 8:58

ಬೆಂಗಳೂರು ಕಡೆ ನೀರಾಟದ ಪಾರ್ಕಿಗೆ ಕರೆದುಕೊಂಡು ಹೋಗಲಿ. ಪಕ್ಕದೂರಿನ ಕಾನ್ವೆಂಟಿನವರು ಹೋಗಿ ಬಂದರು, ನಮ್ಮ ಹುಡುಗ ಅವತ್ತಿಂದ ಊಟ ಬಿಟ್ಟು ಕೂತಿದ್ದಾನೆ.

ಆಲೆಮನೆ · ರಾತ್ರಿ 9:05

ಅಲ್ಲಿ ಒಬ್ಬರಿಗೆ ಎಷ್ಟು ಟಿಕೆಟ್ ಅಂತ ಗೊತ್ತಾ? ಮನೆಯಲ್ಲಿ ಎರಡು ಮಕ್ಕಳಿದ್ದರೆ ಒಂದು ಟನ್ ಕಬ್ಬಿನ ದುಡ್ಡು ಅಲ್ಲೇ ನೀರಿಗೆ ಹೋಯಿತು.

ಐದನೇ ಕ್ಲಾಸ್ ಅಪ್ಪ · ರಾತ್ರಿ 9:07

ನೀರಿಗೇ ಅಲ್ವಾ ಹೋಗುತ್ತಿರೋದು.

ಕಡೇ ಬೆಂಚು · ರಾತ್ರಿ 9:30

ನಾನು ಈ ಶಾಲೆಯ ಹಳೇ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿದ್ದೇನೆ. ನಮ್ಮ ಕಾಲದಲ್ಲಿ ಪ್ರವಾಸ ಅಂದರೆ ಮೈಸೂರು ಝೂ, ಅರಮನೆ, ಚಾಮುಂಡಿ ಬೆಟ್ಟ. ವರ್ಷಾ ವರ್ಷ ಅದೇ. ಝೂ 1892ರಲ್ಲಿ ಶುರುವಾಯಿತು ಅನ್ನೋದು ಇವತ್ತಿಗೂ ಬಾಯಿಪಾಠ, ಯಾಕೆಂದರೆ ವಾಪಸ್ ಬಂದ ಮೇಲೆ ಪ್ರಬಂಧ ಬರೆಯದಿದ್ದರೆ ಬೆತ್ತ. ಆದರೆ ಕಟ್ಟೆ ಪಕ್ಕದಲ್ಲೇ ಇದ್ದರೂ ನಮ್ಮನ್ನೂ ಯಾರೂ ಕರೆದುಕೊಂಡು ಹೋಗಲಿಲ್ಲ. ನಾನು ಮೊದಲು ನೋಡಿದ್ದು ಕಾಲೇಜಿನಲ್ಲಿ, ಅದೂ ಕ್ಲಾಸಿಗೆ ಚಕ್ಕರ್ ಹಾಕಿ.

ಝೂಗೇ ಹೋಗುವುದಾದರೆ ಮಂಗಳವಾರ ಬಿಟ್ಟು ಹೋಗಿ. ಅವತ್ತು ರಜೆ. ನಮ್ಮ ಬ್ಯಾಚು ಒಂದು ಸಲ ಗೇಟು ನೋಡಿ ಬಂದಿದೆ.

ನೀರಗಂಟಿ ಮಗ · ರಾತ್ರಿ 10:12

ಮಕ್ಕಳು ‘ನೀರಗಂಟಿ ಬಿಡುತ್ತಾನೆ’ ಅಂದಿದ್ದು ಓದಿ ಖುಷಿಯಾಯಿತು. ನಮ್ಮಪ್ಪ ಮೂವತ್ತು ವರ್ಷ ಅದೇ ಕೆಲಸ ಮಾಡಿದವರು. ರಾತ್ರಿ ಎರಡು ಗಂಟೆಗೆ ಲಾಟೀನು ಹಿಡಿದು ತೂಬಿನ ಹತ್ತಿರ ನಿಲ್ಲುತ್ತಿದ್ದರು. ಮೇಲಿನ ಗದ್ದೆಯವನಿಗೆ ಜಾಸ್ತಿ ಹೋಯಿತು ಅಂತ ಕೆಳಗಿನವನು ಬೈಯುತ್ತಿದ್ದ. ಕೆಳಗಿನವನಿಗೆ ಬಿಟ್ಟರೆ ಮೇಲಿನವನು. ಮಕ್ಕಳ ಉತ್ತರ ತಪ್ಪಲ್ಲ, ಅರ್ಧ ಅಷ್ಟೇ.

ನನ್ನದೊಂದು ಸಲಹೆ. ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗೋಣ. ಶಾಲೆ ಹಿಂದಿನ ತೂಬಿನಿಂದ ಶುರು ಮಾಡಿ. ಅಲ್ಲಿಂದ ಉಪನಾಲೆ, ಆಮೇಲೆ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ, ಕೊನೆಗೆ ಕಟ್ಟೆ. ನಾಲೆ ಗುಡ್ಡ ಸುತ್ತಿ ಬರುತ್ತದೆ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಗುಡ್ಡದ ಹೊಟ್ಟೆಯೊಳಗೇ ತೂರಿಕೊಂಡು ಬರುತ್ತದೆ ಅಂದರೆ ಒಬ್ಬರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ನಮ್ಮಜ್ಜಿ ಕೊನೇತನಕ ಇದನ್ನು ‘ಇರ್ವಿನ್ ನಾಲೆ’ ಅಂತಲೇ ಕರೆಯುತ್ತಿದ್ದರು. ಮೊದಲು ಇದ್ದ ಹೆಸರು ಅದು.

ನಿವೃತ್ತ ಮೇಷ್ಟ್ರು · ನವೆಂಬರ್ 2, ಬೆಳಿಗ್ಗೆ 6:20

ನೀರಗಂಟಿ ಮಗನ ಸಲಹೆಗೆ ನನ್ನ ಓಟು.

ಈ ಜಿಲ್ಲೆ ಆಗಿದ್ದೇ ಆ ನೀರಿನಿಂದ. ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷ ಆಯಿತು. ಸಿಮೆಂಟ್ ಇಲ್ಲದೆ, ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಅದಕ್ಕೆ ಸುಣ್ಣ ಬೆರೆಸುತ್ತಾರೆ. ನಾಲೆ ಬಂದ ಮೇಲೆ ಕಬ್ಬು ಬಂತು. ಕಬ್ಬಿಗಾಗಿ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮೈಸೂರಿನಿಂದ ಬಿಡಿಸಿ ಮಂಡ್ಯವನ್ನು ಬೇರೆ ಜಿಲ್ಲೆ ಮಾಡಿದರು. ಪಾಠದಲ್ಲಿ ಇವೆಲ್ಲ ಬೇರೆ ಬೇರೆ ಪುಟದಲ್ಲಿ ಬರುತ್ತವೆ. ಮಕ್ಕಳು ಬೇರೆ ಬೇರೆಯಾಗಿಯೇ ಮರೆಯುತ್ತಾರೆ.

ಇನ್ನೊಂದು ವಿಷಯ. ಕಟ್ಟೆಯ ನೀರಲ್ಲಿ ಮುಳುಗಿದ ಊರಿನ ಹೆಸರೇ ಕನ್ನಂಬಾಡಿ. ಅಲ್ಲಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ನಮಗೆ ನೀರು ಬರಲು ಯಾರದೋ ಊರು ಹೋಗಿದೆ ಅನ್ನುವುದೂ ಮಕ್ಕಳಿಗೆ ಗೊತ್ತಿರಲಿ.

ಅಜ್ಜಿ ಮನೆ · ಬೆಳಿಗ್ಗೆ 7:45

ಮೇಷ್ಟ್ರೇ, ಒಂದನೇ ಕ್ಲಾಸಿನ ಮಗುವಿಗೆ ಸುರ್ಕಿ ಗಾರೆ ಕಟ್ಟಿಕೊಂಡು ಏನಾಗಬೇಕು? ಅವಕ್ಕೆ ಆನೆ ತೋರಿಸಿ ಸಾಕು.

ಏಳನೇ ಕ್ಲಾಸ್ ಅಪ್ಪ · ಬೆಳಿಗ್ಗೆ 9:10

ಕಟ್ಟೆಗೆ ಹೋಗಿ, ಬೇಡ ಅನ್ನಲ್ಲ. ಆದರೆ ನಾಲೆ ಏರಿ ಮೇಲೆ ಬಸ್ಸಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವುದಕ್ಕೆ ನಾನು ಸಹಿ ಹಾಕುವುದಿಲ್ಲ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿತ್ತು. 30 ಜನ ಹೋದರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾನು ಅವತ್ತು ಮಂಡ್ಯ ಆಸ್ಪತ್ರೆಯ ಹೊರಗೆ ನಿಂತಿದ್ದೆ. ನಮ್ಮವರು ಯಾರೂ ಇರಲಿಲ್ಲ, ಆದರೂ ಹೋಗಿ ನಿಂತಿದ್ದೆ. ಆಮೇಲೆ ಎಷ್ಟು ಕಡೆ ತಡೆಗೋಡೆ ಕಟ್ಟಿದರು, ಎಷ್ಟು ಕಡೆ ಇನ್ನೂ ಇಲ್ಲ, ದಿನಾ ಓಡಾಡುವ ನಿಮಗೇ ಗೊತ್ತು.

ಸುರಂಗ ಅಂತೆ. ಸುರಂಗದ ಬಾಯಲ್ಲಿ ನೀರಿನ ಸೆಳೆತ ಹೇಗಿರುತ್ತದೆ ಅಂತ ಯಾರಾದರೂ ಯೋಚನೆ ಮಾಡಿದ್ದೀರಾ?

ನೀರಗಂಟಿ ಮಗ · ಬೆಳಿಗ್ಗೆ 9:40

ನೀವು ಹೇಳಿದ್ದು ಸರಿ. ನಾನು ಬರೆಯುವಾಗ ನಾನೊಬ್ಬನೇ ಸೈಕಲ್‌ನಲ್ಲಿ ಹೋಗುವ ಲೆಕ್ಕದಲ್ಲಿ ಬರೆದುಬಿಟ್ಟೆ. ಅರವತ್ತು ಚಿಲ್ಲರೆ ಮಕ್ಕಳ ಲೆಕ್ಕ ಬೇರೆ. ಸುರಂಗ ಬೇಡ.

ಮೂರನೇ ಕ್ಲಾಸ್ ಅಮ್ಮ · ಬೆಳಿಗ್ಗೆ 10:15

ಈ ಮಾತು ಬಂದಿದ್ದು ಒಳ್ಳೆಯದಾಯಿತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಸಮುದ್ರದಲ್ಲಿ ಪ್ರವಾಸಕ್ಕೆ ಹೋದ ನಾಲ್ಕು ಹೆಣ್ಣುಮಕ್ಕಳು ಮುಳುಗಿದ್ದನ್ನು ಯಾರೂ ಮರೆತಿಲ್ಲ. ನೀರಿನ ಹತ್ತಿರ ಹೋಗುವುದಾದರೆ ಎಷ್ಟು ದೂರದಿಂದ ನೋಡಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಜಾಗ ನೋಡೋಣ.

ಬಿಸಿಯೂಟದ ಅಕ್ಕ · ಮಧ್ಯಾಹ್ನ 3:05

ಪ್ರವಾಸದ ದಿನ ಬುತ್ತಿ ನಾವೇ ಕಟ್ಟಿಕೊಡುತ್ತೇವೆ. ಹೋಟೆಲಿಗೆ ದುಡ್ಡು ಹಾಕಬೇಡಿ. ಪುಳಿಯೋಗರೆ ಆದರೆ ಸಂಜೆತನಕ ಕೆಡುವುದಿಲ್ಲ. ಮೊಟ್ಟೆ ಬೇಯಿಸಿ ಕೊಡಬಹುದು, ಆದರೆ ಬಸ್ಸಿನಲ್ಲಿ ಸುಲಿದು ಸಿಪ್ಪೆ ಎಲ್ಲೆಂದರಲ್ಲಿ ಬಿಸಾಡುತ್ತಾರೆ. ಅವತ್ತಿನ ಮಟ್ಟಿಗೆ ಎಲ್ಲರಿಗೂ ಬಾಳೆಹಣ್ಣು.

ಹಾಗೇ ಒಂದು ಮಾತು. ಹಾಲು ಕುಡಿಯದೆ ಗಿಡದ ಬುಡಕ್ಕೆ ಚೆಲ್ಲುವ ಮಕ್ಕಳು ಯಾರು ಅಂತ ನನಗೆ ಗೊತ್ತು. ಹೆಸರು ಹೇಳಲ್ಲ. 18 ಗ್ರಾಂ ಪುಡಿಗೆ 150 ಎಂಎಲ್ ಹಾಲು, ಅಳತೆ ಮಾಡಿಯೇ ಕಾಯಿಸುತ್ತೇವೆ. ರಾಗಿ ಮಾಲ್ಟ್ ಕೊಡುವ ದಿನ ಮಾತ್ರ ಎರಡು ಲೋಟ ಕೇಳುತ್ತಾರೆ ಕಳ್ಳರು.

ಅಜ್ಜಿ ಮನೆ · ಮಧ್ಯಾಹ್ನ 3:20

ಆ ಗಿಡ ಮಾತ್ರ ಚೆನ್ನಾಗಿ ಬಂದಿದೆ.

ಶಕ್ತಿ ಟಿಕೆಟ್ · ಮಧ್ಯಾಹ್ನ 4:00

ಬಸ್ಸಿಗೆ ಯಾಕೆ ದುಡ್ಡು? ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ ಅಲ್ವಾ? ಹೆಣ್ಣುಮಕ್ಕಳು, ಟೀಚರ್‌ಗಳು, ಅಮ್ಮಂದಿರು ಎಲ್ಲ ಫ್ರೀ. ಗಂಡುಮಕ್ಕಳಿಗೆ ಮಾತ್ರ ಅರ್ಧ ಟಿಕೆಟ್. ಮಾಮೂಲಿ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗೋಣ.

ಕಡೇ ಬೆಂಚು · ಮಧ್ಯಾಹ್ನ 4:08

ಬೆಳಿಗ್ಗೆ ಎಂಟರ ಬಸ್ಸಿಗೆ ಅರವತ್ತು ಮಕ್ಕಳು ಒಟ್ಟಿಗೆ ಹತ್ತಿದರೆ ಕಂಡಕ್ಟರ್ ಟಿಕೆಟ್ ಮಿಷನ್ ನಮ್ಮ ಕೈಗೇ ಕೊಟ್ಟು ಇಳಿದು ಹೋಗುತ್ತಾನೆ.

ಎಸ್‌ಡಿಎಂಸಿ ಸದಸ್ಯ · ಸಂಜೆ 6:30

ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇದ್ದೇನೆ, ಸ್ವಲ್ಪ ನಿಯಮದ ವಿಷಯ ಹೇಳುತ್ತೇನೆ. ಪ್ರವಾಸಕ್ಕೆ ಇಲಾಖೆಯ ಅನುಮತಿ ಬೇಕು. ಎಲ್ಲಿಗೆ, ಯಾವ ದಾರಿ, ಯಾರು ಜೊತೆಗೆ ಬರುತ್ತಾರೆ ಅಂತ ಮೊದಲೇ ಬರೆದು ಕೊಡಬೇಕು. ಹೆಣ್ಣುಮಕ್ಕಳಿದ್ದರೆ ಶಿಕ್ಷಕಿಯರು ಇರಲೇಬೇಕು. ಪ್ರತಿ ಮಗುವಿನ ಮನೆಯಿಂದ ಒಪ್ಪಿಗೆ ಪತ್ರ ಬೇಕು. ಕೆಎಸ್‌ಆರ್‌ಟಿಸಿಯಿಂದ ಸಾಂದರ್ಭಿಕ ಒಪ್ಪಂದದ ಮೇಲೆ ಬಸ್ಸು ತೆಗೆದುಕೊಳ್ಳುವುದು ಅಂತ ಹೆಡ್ ಮೇಡಂ ಹೇಳಿದ್ದಾರೆ. ಅದಕ್ಕೆ ಶಕ್ತಿ ಟಿಕೆಟ್ ನಡೆಯುವುದಿಲ್ಲ. ಡಿಪೋದವರು ಲೆಕ್ಕ ಕೊಟ್ಟ ಮೇಲೆ ತಲೆಗೆ ಎಷ್ಟು ಬೀಳುತ್ತದೆ ಅಂತ ಇಲ್ಲೇ ಹಾಕುತ್ತೇನೆ.

ಇನ್ನೊಂದು. ದುಡ್ಡು ಕೊಡಲಾಗದ ಮನೆಯ ಮಗು ಊರಲ್ಲೇ ಉಳಿಯಬಾರದು. ಹೋದ ಸಲ ಏಳು ಮಕ್ಕಳು ಉಳಿದರು. ಬಸ್ಸು ಹೊರಟಾಗ ಅವರಲ್ಲಿ ಇಬ್ಬರು ಗೇಟಿನ ಹತ್ತಿರ ನಿಂತು ಟಾಟಾ ಮಾಡುತ್ತಿದ್ದರು. ನಾನು ಆ ಬಸ್ಸಿನಲ್ಲಿದ್ದೆ. ಇಡೀ ದಿನ ನನಗೆ ಬೇರೇನೂ ನೆನಪಿಲ್ಲ.

ಕಡೇ ಬೆಂಚು · ಸಂಜೆ 6:41

ಆ ಏಳು ಜನರದ್ದು ಈ ಸಲ ನಮ್ಮ ಬ್ಯಾಚು ನೋಡಿಕೊಳ್ಳುತ್ತದೆ. ಯಾರು ಅಂತ ಮಕ್ಕಳಿಗೆ ಗೊತ್ತಾಗುವುದು ಬೇಡ. ಲಿಸ್ಟ್ ಹೆಡ್ ಮೇಡಂ ಹತ್ತಿರವೇ ಇರಲಿ, ನಮಗೂ ಬೇಡ.

ಎಸ್‌ಡಿಎಂಸಿ ಸದಸ್ಯ · ಸಂಜೆ 6:44

ಆಯಿತು. ತುಂಬಾ ಉಪಕಾರ.

ಹಕ್ಕಿ ಹುಚ್ಚ · ರಾತ್ರಿ 8:15

ಕಟ್ಟೆಗೆ ಹೋಗುವುದಾದರೆ ಪಕ್ಕದಲ್ಲೇ ರಂಗನತಿಟ್ಟು. ಬಿಡಬೇಡಿ. 1940ರಲ್ಲಿ ಸಲೀಂ ಅಲಿ ಹೇಳಿದ ಮೇಲೆ ಮಹಾರಾಜರು ಅದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು, ಕರ್ನಾಟಕದಲ್ಲಿ ಮೊದಲನೆಯದು. ಅಜ್ಜಿ ಮನೆಯವರೇ, ಒಂದನೇ ಕ್ಲಾಸಿನ ಮಕ್ಕಳಿಗೆ ಆನೆ ಇಲ್ಲದಿದ್ದರೆ ಏನಂತೆ, ಬಂಡೆ ಮೇಲೆ ಬಾಯಿ ಕಳೆದು ಮಲಗಿದ ಮೊಸಳೆ ಇದೆ.

ಕೆಲವರು ಕೊಕ್ಕರೆ ಬೆಳ್ಳೂರು ಅನ್ನಬಹುದು. ಮದ್ದೂರು ತಾಲ್ಲೂಕು, ಹತ್ತಿರವೇ. ಆದರೆ ಡಿಸೆಂಬರ್ ಶುರುವಲ್ಲಿ ಹೋದರೆ ಹುಣಸೆ ಮರ ನೋಡಿಕೊಂಡು ಬರಬೇಕಾದೀತು. ಅಲ್ಲಿ ಗೂಡು ತುಂಬುವುದು ಆಮೇಲೆ. ಆ ಊರಿನವರು ಹೆಜ್ಜಾರ್ಲೆ, ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡುತ್ತಾರೆ. ಬರುವ ಮೊದಲೇ ಹೋಗಿ ಕೂತರೆ ಏನು ಚೆಂದ.

ಏಳನೇ ಕ್ಲಾಸ್ ಅಪ್ಪ · ರಾತ್ರಿ 8:40

ರಂಗನತಿಟ್ಟಿನಲ್ಲಿ ದೋಣಿ. ಮತ್ತೆ ನೀರು.

ಹಕ್ಕಿ ಹುಚ್ಚ · ರಾತ್ರಿ 8:52

ದೋಣಿ ಹತ್ತಬೇಕು ಅಂತೇನಿಲ್ಲ ಸಾರ್. ದಡದ ದಾರಿಯಲ್ಲಿ ನಡೆದರೂ ಹಕ್ಕಿ ಕಾಣುತ್ತವೆ. ನನ್ನ ಹತ್ತಿರ ಎರಡು ದುರ್ಬೀನು ಇವೆ, ಕೊಡುತ್ತೇನೆ. ಮಕ್ಕಳು ಕಿತ್ತಾಡುತ್ತಾರೆ, ಅದಕ್ಕೆ ನಾನು ಹೊಣೆಯಲ್ಲ.

ನಲಿ–ಕಲಿ ಟೀಚರ್ · ರಾತ್ರಿ 9:25

ನಾನು ಇದೇ ಶಾಲೆಯ ಟೀಚರ್. ಸುಮ್ನೆ ಓದುತ್ತಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು.

ತೂಬಿನಿಂದ ಶುರು ಮಾಡೋಣ ಅನ್ನುವುದು ನನಗೆ ಬಹಳ ಇಷ್ಟವಾಯಿತು. ಅದಕ್ಕೆ ಬಸ್ಸೇ ಬೇಡ. ಶಾಲೆ ಹಿಂದಿನ ಕಾಲುವೆ ಮೊಣಕಾಲುದ್ದ ಕೂಡ ಇಲ್ಲ. ಮಕ್ಕಳ ದಿನಾಚರಣೆಯ ಬೆಳಿಗ್ಗೆ ನೀರಗಂಟಿ ಮಗ ಅವರು ಬಂದು ಅಲ್ಲೇ ನಿಂತು ಅವರಪ್ಪನ ಕೆಲಸದ ವಿಷಯ ಹೇಳಲಿ. ದೊಡ್ಡ ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ. ಡಿಸೆಂಬರ್‌ನಲ್ಲಿ ಕಟ್ಟೆ ನೋಡಿದಾಗ ಅವರಿಗೇ ಗೊತ್ತಾಗುತ್ತದೆ, ಇದು ಅದೇ ನೀರು ಅಂತ. ನಡುವಿನ ಸುರಂಗವನ್ನು ನಾನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಚಿಕ್ಕ ಮಕ್ಕಳ ಬಗ್ಗೆ ಚಿಂತೆ ಬೇಡ. ನಲಿ–ಕಲಿಯಲ್ಲಿ ಒಂದರಿಂದ ಮೂರರ ತನಕ ಒಟ್ಟಿಗೇ ಕೂರುತ್ತಾರೆ, ದೊಡ್ಡವು ಚಿಕ್ಕವಕ್ಕೆ ಹೇಳಿಕೊಡುವುದು ಅಲ್ಲಿ ಮಾಮೂಲಿ. ಬಸ್ಸಿನಲ್ಲೂ ಹಾಗೇ ಜೋಡಿ ಮಾಡುತ್ತೇನೆ.

ನಿವೃತ್ತ ಮೇಷ್ಟ್ರು · ರಾತ್ರಿ 9:50

ಟೀಚರಮ್ಮ, ನಲಿ–ಕಲಿ ಹುಟ್ಟಿದ್ದು ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಆಗ ನಾವು ಹಳೇ ಮೇಷ್ಟ್ರುಗಳೆಲ್ಲ ನಕ್ಕಿದ್ದೆವು. ಕಾರ್ಡು ಹಿಡಿದು ಆಟ ಆಡಿದರೆ ಅಕ್ಷರ ಬರುತ್ತದಾ ಅಂತ. ತರಬೇತಿಗೆ ಹೋದಾಗ ನಮ್ಮನ್ನೇ ನೆಲದ ಮೇಲೆ ಗುಂಪು ಗುಂಪಾಗಿ ಕೂರಿಸಿದರು. ಮೊಣಕಾಲು ನೋವು ಅಂತ ನಾನೇ ಮೊದಲು ಗೊಣಗಿದವನು. ಆಮೇಲೆ ನನ್ನ ಕ್ಲಾಸಿನ ಒಬ್ಬ ಹುಡುಗಿ, ವರ್ಷವಿಡೀ ಬಾಯಿ ಬಿಡದವಳು, ಪಕ್ಕದವನಿಗೆ ಕಾರ್ಡು ತೋರಿಸಿ ಓದಿಸುತ್ತಿದ್ದಳು. ಅವತ್ತಿಂದ ನಗುವುದು ಬಿಟ್ಟೆ.

ಐದನೇ ಕ್ಲಾಸ್ ಅಪ್ಪ · ರಾತ್ರಿ 10:01

ನಮ್ಮ ಹುಡುಗನನ್ನು ಕೇಳಿದೆ. ನೀರಾಟ ಇಲ್ಲ, ಮೊಸಳೆ ಇದೆ ಅಂದೆ. ಮುಟ್ಟಬಹುದಾ ಅಂದ. ಅವನನ್ನು ಟೀಚರ್ ಪಕ್ಕದಲ್ಲೇ ಕೂರಿಸಿ.

ಆಲೆಮನೆ · ನವೆಂಬರ್ 3, ಬೆಳಿಗ್ಗೆ 6:05

ಪ್ರವಾಸದ ಮಾತು ಮುಗಿಯಿತಲ್ಲ, ಈಗ ಸ್ಕೂಲ್ ಡೇ. ದಯವಿಟ್ಟು ಡಿಸೆಂಬರ್ ಕೊನೆ, ಜನವರಿ ಮೊದಲು ಬೇಡ. ಭತ್ತದ ಕಟಾವು, ಒಕ್ಕಣೆ, ಕಬ್ಬು ಕಡಿಯುವವರು ಸಿಕ್ಕಿದ ದಿನವೇ ಕಡಿಸಬೇಕು. ಹೋದ ಸಲ ಮಗಳು ಡ್ಯಾನ್ಸ್ ಮಾಡುವಾಗ ನಾನು ಕಾರ್ಖಾನೆ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿದ್ದೆ. ವಿಡಿಯೋ ಕಳಿಸಿದರು, ನೋಡಿದೆ. ಅವಳು ‘ನೀನು ನೋಡಲೇ ಇಲ್ಲ’ ಅಂತ ಇವತ್ತಿಗೂ ಹೇಳುತ್ತಾಳೆ.

ಡ್ರಾಮಾ ಹುಚ್ಚು · ಬೆಳಿಗ್ಗೆ 8:30

ಸಂಕ್ರಾಂತಿ ಕಳೆಯಲಿ. ದನಕ್ಕೆ ಕಿಚ್ಚು ಹಾಯಿಸಿದ ಮೇಲೆ ಊರಿಗೆ ಸ್ವಲ್ಪ ಉಸಿರು. ಕ್ಯಾಲೆಂಡರ್ ನೋಡಿದೆ. ಜನವರಿ 24 ಶನಿವಾರ, 25 ಭಾನುವಾರ, 26 ಸೋಮವಾರ ಗಣರಾಜ್ಯೋತ್ಸವ. ಬೆಂಗಳೂರಿನವರೆಲ್ಲ ಊರಲ್ಲೇ ಇರುತ್ತಾರೆ. 25ರ ಸಂಜೆ ಸ್ಕೂಲ್ ಡೇ, ಮಾರನೇ ಬೆಳಿಗ್ಗೆ ಬಾವುಟ. ಒಂದೇ ಶಾಮಿಯಾನ ಎರಡಕ್ಕೂ ಆಗುತ್ತದೆ.

ಸ್ಟೇಜು, ಪರದೆ, ಲೈಟು ನನಗೆ ಬಿಡಿ. ನಮ್ಮ ಪೌರಾಣಿಕ ನಾಟಕಕ್ಕೆ ಮಂಡ್ಯದಿಂದ ಸೀನರಿ ತರಿಸುವವರು ಪರಿಚಯ. ಆದರೆ ಒಂದು ಷರತ್ತು. ಮಕ್ಕಳಿಗೆ ಸಿನಿಮಾ ಹಾಡು ಕಮ್ಮಿ ಮಾಡಿ. ಹೋದ ವರ್ಷ ಎರಡನೇ ಕ್ಲಾಸಿನ ಕೂಸುಗಳು ಸೊಂಟ ಕುಣಿಸಿದ್ದು ನೋಡಿ ನಮ್ಮಮ್ಮ ಎದ್ದು ಹೋದರು. ಕೋಲಾಟ ಇದೆ, ಸೋಬಾನೆ ಪದ ಇದೆ. ಹೇಳಿಕೊಡುವ ಅಜ್ಜಿಯರು ಇನ್ನೂ ಬದುಕಿದ್ದಾರೆ.

ಮೂರನೇ ಕ್ಲಾಸ್ ಅಮ್ಮ · ಬೆಳಿಗ್ಗೆ 9:00

ಸಿನಿಮಾ ಹಾಡು ಪೂರ್ತಿ ಬೇಡ ಅಂದರೆ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. ಒಂದೆರಡು ಇರಲಿ. ಯಾವ ಹಾಡು ಅಂತ ಟೀಚರ್ ಮೊದಲೇ ಕೇಳಿ ಒಪ್ಪಲಿ. ನಿಜ ಹೇಳಬೇಕೆಂದರೆ ನಿಮ್ಮ ಪೌರಾಣಿಕ ನಾಟಕದಲ್ಲೂ ನಡುವೆ ಸಿನಿಮಾ ಹಾಡಿಗೆ ಕುಣಿಸುತ್ತೀರಿ.

ಡ್ರಾಮಾ ಹುಚ್ಚು · ಬೆಳಿಗ್ಗೆ 9:04

ಅದು ಜನರ ಒತ್ತಾಯ.

ಅಜ್ಜಿ ಮನೆ · ಬೆಳಿಗ್ಗೆ 9:30

ಕೋಲಾಟ ನಮ್ಮತ್ತೆ ಹೇಳಿಕೊಡುತ್ತಾರೆ. ಕೇಳಿದೆ, ಒಪ್ಪಿದರು. ಸಂಜೆ ನಾಲ್ಕೂವರೆ ಮೇಲೆ, ವಾರಕ್ಕೆ ಎರಡು ದಿನ. ಪಾಠದ ಹೊತ್ತು ಮುಟ್ಟುವುದಿಲ್ಲ. ಕೋಲು ಹದಿನಾರು ಜೊತೆ ಬೇಕು.

ಏಳನೇ ಕ್ಲಾಸ್ ಅಪ್ಪ · ಬೆಳಿಗ್ಗೆ 9:48

ಕೋಲು ನಾನು ಮಾಡಿಸಿಕೊಡುತ್ತೇನೆ. ನಮ್ಮ ಕಡೆ ಮರಗೆಲಸದವರಿದ್ದಾರೆ.

ಛದ್ಮವೇಷದ ಅಮ್ಮ · ಮಧ್ಯಾಹ್ನ 1:15

ಪ್ರತಿಭಾ ಕಾರಂಜಿ ವಿಷಯ ಯಾರೂ ಮಾತಾಡಲೇ ಇಲ್ಲ. ಹೋದ ಸಲ ಕ್ಲಸ್ಟರ್ ಮಟ್ಟದಲ್ಲಿ ಛದ್ಮವೇಷಕ್ಕೆ ಮಗನಿಗೆ ರಾಜನ ವೇಷ ಹಾಕಿಸಲು ಮೈಸೂರಿನಿಂದ ಬಾಡಿಗೆಗೆ ತಂದೆ. ಕಿರೀಟ ಕಣ್ಣಿನ ಮೇಲೆ ಜಾರುತ್ತಿತ್ತು. ಅವನು ಅದನ್ನೇ ಹಿಡಿದುಕೊಂಡು ನಿಂತ, ಮಾತು ಮರೆತ. ಬಹುಮಾನ ಬಂದಿದ್ದು ಗೋಣಿಚೀಲ ಹೊದ್ದು ಹಮಾಲಿ ಆಗಿದ್ದ ಹುಡುಗನಿಗೆ. ಅವನ ವೇಷಕ್ಕೆ ಒಂದು ರೂಪಾಯಿ ಖರ್ಚಾಗಿರಲಿಲ್ಲ. ಅವನ ಅಪ್ಪ ನಿಜವಾಗಿ ಹಮಾಲಿ ಅಂತ ಆಮೇಲೆ ಗೊತ್ತಾಯಿತು. ಆ ಹುಡುಗ ಮೂಟೆ ಇಳಿಸಿ ಬೆನ್ನು ನೆಟ್ಟಗೆ ಮಾಡಿದ ರೀತಿ ಇನ್ನೂ ಕಣ್ಣ ಮುಂದೆ ಇದೆ. ಈ ಸಲ ನಾನು ಬಾಡಿಗೆ ವೇಷ ತರುವುದಿಲ್ಲ. ಏನು ಮಾಡಿಸಲಿ ಹೇಳಿ.

ಕಡೇ ಬೆಂಚು · ಮಧ್ಯಾಹ್ನ 1:30

ನೀರಗಂಟಿ.

ನೀರಗಂಟಿ ಮಗ · ಮಧ್ಯಾಹ್ನ 1:52

ಅಪ್ಪನ ಲಾಟೀನು ಅಟ್ಟದಲ್ಲಿದೆ. ಗಾಜು ಒಡೆದಿದೆ, ಹಾಕಿಸಿ ಕೊಡುತ್ತೇನೆ. ಸನಿಕೆಯೂ ಇದೆ, ಆದರೆ ಆ ಹುಡುಗನಿಗಿಂತ ಉದ್ದ.

ಛದ್ಮವೇಷದ ಅಮ್ಮ · ಮಧ್ಯಾಹ್ನ 1:55

ಸಂಜೆ ಮನೆಗೆ ಬರುತ್ತೇನೆ. ಅವರು ಬೈಗುಳ ಹೇಗೆ ಎದುರಿಸುತ್ತಿದ್ದರು ಅಂತ ಹೇಳಬೇಕು. ಒಂದೆರಡು ಮಾತು ಬೇಕು ಇವನಿಗೆ.

ನೀರಗಂಟಿ ಮಗ · ಮಧ್ಯಾಹ್ನ 2:10

ಎದುರಿಸುತ್ತಿರಲಿಲ್ಲ. ‘ಎಲ್ಲರ ಸರದಿನೂ ಬರುತ್ತದೆ’ ಅನ್ನುತ್ತಿದ್ದರು, ಅಷ್ಟೇ. ಬೀಡಿ ಹಚ್ಚುತ್ತಿದ್ದರು. ಬೀಡಿ ಬಿಡಿಸಿ.

ಎಸ್‌ಡಿಎಂಸಿ ಸದಸ್ಯ · ನವೆಂಬರ್ 4, ರಾತ್ರಿ 8:20

ಹೆಡ್ ಮೇಡಂ ಜೊತೆ ಮಾತಾಡಿದೆ. ಸದ್ಯಕ್ಕೆ ಹೀಗೆ.

ಪ್ರವಾಸ ಡಿಸೆಂಬರ್ 4, ಗುರುವಾರ, ಅನುಮತಿ ಬಂದರೆ. ಶನಿವಾರ, ಭಾನುವಾರ ಜನ ಜಾಸ್ತಿ, ಮಕ್ಕಳನ್ನು ಎಣಿಸುವುದೇ ಕಷ್ಟ. ನಾಲೆ ಏರಿ ದಾರಿ ಇಲ್ಲ, ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಮೇಲೆ. ಬೆಳಿಗ್ಗೆ ರಂಗನತಿಟ್ಟು, ದೋಣಿ ಇಲ್ಲ. ಊಟ ಆದ ಮೇಲೆ ಕಟ್ಟೆ. ಕಟ್ಟೆಯ ಮೇಲೆ ನಡೆಯಲು ಬಿಡುವುದಿಲ್ಲ, ಕೆಳಗೆ ಬೃಂದಾವನದ ಕಡೆಯಿಂದ ನೋಡುವುದು. ಕಾರಂಜಿಯ ಲೈಟಿಗೆ ಕಾಯುವುದಿಲ್ಲ, ಕತ್ತಲಾಗುವ ಮೊದಲು ಊರು ಸೇರಬೇಕು. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು. ಜೊತೆಗೆ ಬರುವ ಪೋಷಕರು ಹೆಸರು ಕೊಡಿ.

ಸ್ಕೂಲ್ ಡೇ ಜನವರಿ 25ಕ್ಕೆ ಮೇಡಂ ಒಪ್ಪಿದ್ದಾರೆ. ಭಾನುವಾರ ಕೆಲಸ ಮಾಡಿಸಿದರೆ ಟೀಚರ್‌ಗಳಿಗೆ ತೊಂದರೆ ಅಲ್ವಾ ಅಂತ ಕೇಳಿದೆ. ನಲಿ–ಕಲಿ ಟೀಚರ್ ನಕ್ಕರು, ಅಷ್ಟೇ.

ನಲಿ–ಕಲಿ ಟೀಚರ್ · ರಾತ್ರಿ 8:35

ನಕ್ಕಿದ್ದು ಒಪ್ಪಿಗೆ ಅಲ್ಲ. ಬೇರೆ ದಿನ ಅದಕ್ಕೆ ಬದಲಿ ರಜೆ ಬೇಕು ಅಂತ ಬರೆದು ಕೊಡುತ್ತೇವೆ. ಆದರೆ ಬರುತ್ತೇವೆ.

ಅಜ್ಜಿ ಮನೆ · ರಾತ್ರಿ 8:50

ಗುರುವಾರ ನಾನು ಬರುತ್ತೇನೆ. ಹತ್ತು ಮಕ್ಕಳು ನನಗೆ ಜಾಸ್ತಿ, ಎಂಟು ಕೊಡಿ.

ಏಳನೇ ಕ್ಲಾಸ್ ಅಪ್ಪ · ರಾತ್ರಿ 9:15

ನನ್ನ ಹೆಸರೂ ಬರೆದುಕೊಳ್ಳಿ. ಬಸ್ಸಿನ ಹಿಂದಿನ ಬಾಗಿಲ ಹತ್ತಿರ ನಾನೇ ಕೂರುತ್ತೇನೆ. ಒಪ್ಪಿಗೆ ಪತ್ರ ನಾಳೆ ಕಳಿಸುತ್ತೇನೆ.

ಐದನೇ ಕ್ಲಾಸ್ ಅಪ್ಪ · ರಾತ್ರಿ 9:20

ಬೇಸಿಗೆಯಲ್ಲಿ ನೀರಾಟದ ಪಾರ್ಕಿಗೆ ಹುಡುಗನನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟು ಮಲಗಿಸಿದೆ. ಊಟ ಮಾಡಿದ.

ಮೂರನೇ ಕ್ಲಾಸ್ ಅಮ್ಮ · ನವೆಂಬರ್ 14, ರಾತ್ರಿ 7:30

ಇವತ್ತು ಬರಲಾಗದವರಿಗೆ ಸುದ್ದಿ. ಬೆಳಿಗ್ಗೆ ಹತ್ತಕ್ಕೆ ಎಲ್ಲ ಮಕ್ಕಳು ಸಾಲಾಗಿ ತೂಬಿನ ಹತ್ತಿರ ಹೋದರು. ನೀರಗಂಟಿ ಮಗ ಅವರು ಹೊಸ ಗಾಜು ಹಾಕಿಸಿದ ಲಾಟೀನು ಹಿಡಿದುಕೊಂಡು ಬಂದಿದ್ದರು, ಹಗಲು ಹೊತ್ತಿನಲ್ಲಿ. ತೂಬಿನ ಹಲಗೆ ಎತ್ತಿ ತೋರಿಸಿದರು. ನೀರು ನುಗ್ಗಿ ಬಂದಾಗ ಚಿಕ್ಕ ಮಕ್ಕಳು ಕಿರುಚಿಕೊಂಡು ಹಿಂದೆ ಓಡಿದವು, ಮತ್ತೆ ಮುಂದೆ ಬಂದವು.

ಎರಡನೇ ಕ್ಲಾಸಿನ ಒಬ್ಬಳು ಕೇಳಿದಳು, ‘ಕಟ್ಟೆಯಿಂದ ಹೊರಟ ನೀರು ಇಲ್ಲಿಗೆ ಬರಲು ಎಷ್ಟು ದಿನ ಬೇಕು?’ ನೀರಗಂಟಿ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ನಮ್ಮಪ್ಪನನ್ನು ಕೇಳಬೇಕಿತ್ತು’ ಅಂದರು. ಈಗ ಏಳನೇ ಕ್ಲಾಸಿನವರು ಒಂದು ಪ್ಲಾನು ಮಾಡಿದ್ದಾರೆ. ಮುಂದಿನ ಸಲ ನಾಲೆಗೆ ನೀರು ಬಿಟ್ಟ ಸುದ್ದಿ ಬಂದ ದಿನ ಬರೆದಿಟ್ಟು, ತೂಬಿಗೆ ನೀರು ಬಂದ ದಿನ ನೋಡುತ್ತಾರಂತೆ. ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಜಾಗ ಬಿಟ್ಟಿದ್ದಾರೆ. ಮಳೆ ಬಂದರೆ ಅಳಿಸಿ ಹೋಗುತ್ತದೆ, ಯಾರಾದರೂ ಪೇಂಟ್ ಡಬ್ಬ ಕೊಡಿ.

ಆಲೆಮನೆ · ರಾತ್ರಿ 7:42

ಟ್ರ್ಯಾಕ್ಟರ್‌ಗೆ ಹೊಡೆದು ಉಳಿದ ಕೆಂಪು ಬಣ್ಣ ಅರ್ಧ ಡಬ್ಬ ಇದೆ. ನಾಳೆ ಮಗಳ ಕೈಯಲ್ಲಿ ಕಳಿಸುತ್ತೇನೆ. ಬ್ರಷ್ ಇಲ್ಲ.